ಗಿಡ್ಡಪ್ಪನ ತಿದ್ದುಪಡಿಗಳು

ಸಿ ಸಾಲಿನ ನಾಲ್ಕನೇ ಹಲಗೆಯಲ್ಲಿ ಪಂಪಿನ ಮುಚ್ಚಳದ ಅಚ್ಚು ಇರಬೇಕಿತ್ತು. ಕಂಪ್ಯೂಟರ್ ಹಾಗೇ ಹೇಳಿತ್ತು. ಅಲ್ಲಿದ್ದದ್ದು ಅಕ್ಕಿ ಗಿರಣಿಯ ಪುಲ್ಲಿಯ ಅಚ್ಚು. ತರಲು ಹೋಗಿದ್ದ ಮಕ್ತುಮ್ ಸಾಬ್ ಬರಿಗೈಯಲ್ಲಿ ವಾಪಸು ಬಂದು ಆಫೀಸಿನ ಬಾಗಿಲಲ್ಲಿ ನಿಂತ.

"ಯಾಸ್ಮೀನವ್ವಾ, ನಿನ್ ಡಬ್ಬಿ ಸುಳ್ ಹೇಳ್ತೈತೆ ನೋಡು."

ಯಾಸ್ಮೀನ್ ನಕ್ಕಳು. ಮೊದಲ ಸಲವಾದ್ದರಿಂದ ನಗು ಬಂತು. ಆ ವಾರದಲ್ಲೇ ಅದು ಇನ್ನೂ ನಾಲ್ಕು ಸಲ ಆಯಿತು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆ ಫೌಂಡ್ರಿಯಲ್ಲಿ ಯಾಸ್ಮೀನ್ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಯಾವ ಮಾಲು ಯಾವ ಲಾರಿಗೆ ಹೋಯಿತು ಎಂದು ನೋಡಿಕೊಳ್ಳುವುದು ಅವಳ ಕೆಲಸ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ. ಏನು ಎರಕ ಹೊಯ್ಯಬೇಕಾದರೂ ಮೊದಲು ಅದರ ಆಕಾರದ ಮರದ ಅಚ್ಚು ಬೇಕು. ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಟೊಳ್ಳಿಗೆ ಕಬ್ಬಿಣ ಸುರಿಯುತ್ತಾರೆ. ಹಾಗಾಗಿ ಹಳೆಯ ಫೌಂಡ್ರಿಯೊಂದರ ನಿಜವಾದ ಆಸ್ತಿ ಅದರ ಅಚ್ಚುಗಳ ಉಗ್ರಾಣ. ಇಲ್ಲಿ ಸಾವಿರದ ನೂರ ನಲವತ್ತು ಅಚ್ಚುಗಳಿದ್ದವು. ಯಾವುದು ಎಲ್ಲಿದೆ ಎಂದು ಗೊತ್ತಿದ್ದವನು ಗಿಡ್ಡಪ್ಪ ಒಬ್ಬನೇ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಅರವತ್ತೊಂದು ವರ್ಷದ ಗಿಡ್ಡಪ್ಪ ಮೂವತ್ತು ವರ್ಷದಿಂದ ಆ ಉಗ್ರಾಣ ನೋಡಿಕೊಂಡಿದ್ದ. ಕೇಳಿದ ಕೂಡಲೇ ಒಳಗೆ ಹೋಗಿ, ಬೀಡಿ ಹಚ್ಚಿ ಮುಗಿಸುವುದರೊಳಗೆ ಅಚ್ಚು ಹೊತ್ತು ಬರುತ್ತಿದ್ದ.

ಎರಡೂವರೆ ವರ್ಷದ ಹಿಂದೆ ಅವನಿಗೆ ಹರ್ನಿಯಾ ಆಪರೇಶನ್ ಆಗಿ ಮೂರು ವಾರ ರಜೆಯಾಯಿತು. ಆ ಮೂರು ವಾರದಲ್ಲಿ ಮಂಡಕ್ಕಿ ಹುರಿಯುವ ಯಂತ್ರದ ಹಲ್ಲುಚಕ್ರದ ಅಚ್ಚೊಂದು ಯಾರಿಗೂ ಸಿಗಲಿಲ್ಲ. ಬಡಗಿಯನ್ನು ಕರೆಸಿ ಹೊಸದು ಕೆತ್ತಿಸಿದ ಮಾರನೇ ದಿನ ಹಳೆಯದು ಸಿಕ್ಕಿತು. ಮಾಲೀಕ ಶಿವಮೂರ್ತಿಯವರಿಗೆ ತಲೆ ಕೆಟ್ಟು ಹೋಯಿತು.

"ಇದನ್ನೆಲ್ಲಾ ಕಂಪ್ಯೂಟರಿಗೆ ಹಾಕ್ರಿ. ಯಾರ್ ಹಾಕ್ತೀರೋ ಹಾಕ್ರಿ," ಎಂದರು.

ಹೊರಗಿನ ಕಂಪನಿಯವರೊಬ್ಬರು ಬಂದು ನೋಡಿದರು. ಅಚ್ಚು ಎಂದರೇನು ಎಂದು ಅವರಿಗೆ ವಿವರಿಸುವುದರಲ್ಲೇ ಮಧ್ಯಾಹ್ನವಾಯಿತು. ಅವರು ಮತ್ತೆ ಬರಲಿಲ್ಲ. ಕೊನೆಗೆ ಯಾಸ್ಮೀನ್, "ನಾನೇ ಒಂದ್ ನೋಡ್ತೀನಿ ಸಾರ್" ಎಂದಳು. ಬಿ.ಕಾಂ. ಓದಿದ್ದವಳು, ಪ್ರೋಗ್ರಾಮ್ ಬರೆದವಳಲ್ಲ. ಆದರೆ ಮಂಡಿಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಚಿಕ್ಕಮ್ಮನ ಮಗ ಬಿಲಾಲ್ ಕಂಪ್ಯೂಟರಿನಲ್ಲಿ ಫಾರ್ಮು ಕಟ್ಟಿಕೊಳ್ಳುವ ಒಂದು ಟೂಲ್‌ಕಿಟ್ ವಿಷಯ ಹೇಳಿದ. ಅದು ಉಚಿತವಾಗಿ ಸಿಗುತ್ತಿತ್ತು. ಎಡಗಡೆ ಪೆಟ್ಟಿಗೆ, ಬಟನ್ನು, ಪಟ್ಟಿ ಎಲ್ಲ ಸಾಲಾಗಿ ಇರುತ್ತವೆ, ಬಲಗಡೆ ಖಾಲಿ ಕಿಟಕಿ. ಬೇಕಾದ್ದನ್ನು ಎಳೆದು ಕಿಟಕಿಯಲ್ಲಿ ಕೂರಿಸುವುದು, ಈ ಪೆಟ್ಟಿಗೆಯಲ್ಲಿ ಡೇಟಾಬೇಸಿನ, ಎಂದರೆ ಮಾಹಿತಿಯ ಪಟ್ಟಿಯ, ಯಾವ ಕಾಲಂ ಕಾಣಬೇಕು ಎಂದು ಗಂಟು ಹಾಕುವುದು.

"ಕೋಡ್ ಬರಿಯೋದೇನ್ ಬ್ಯಾಡ ಆಪಾ. ರಂಗೋಲಿ ಹಾಕ್ದಂಗೆ. ಇಟ್ಟೆ, ಕಟ್ಟಿದೆ, ಮುಗೀತು," ಎಂದಿದ್ದ ಬಿಲಾಲ್.

ಮುಗಿಯಲು ಏಳು ತಿಂಗಳು ಹಿಡಿಯಿತು. ದಿನಾ ಊಟದ ನಂತರ ಒಂದು ಗಂಟೆ ಯಾಸ್ಮೀನ್ ಲ್ಯಾಪ್‌ಟಾಪ್ ಹಿಡಿದುಕೊಂಡು ಉಗ್ರಾಣದಲ್ಲಿ ನಿಲ್ಲುತ್ತಿದ್ದಳು. ಗಿಡ್ಡಪ್ಪ ಒಂದೊಂದೇ ಅಚ್ಚನ್ನು ಮುಟ್ಟಿ ಹೇಳುತ್ತಿದ್ದ: ಇದು ಇಂಥದ್ದು, ಸಾಲು ಎ, ಹಲಗೆ ಎರಡು. ಅವಳು ಬರೆದುಕೊಳ್ಳುತ್ತಿದ್ದಳು. ಮೊದಮೊದಲು ಅವನಿಗೆ ಇದು ತನ್ನ ಕೆಲಸ ಕಿತ್ತುಕೊಳ್ಳುವ ಉಪಾಯವೆನಿಸಿ ಮುಖ ಗಂಟಾಗಿತ್ತು. ಆಮೇಲೆ ಅವನೇ ಫಾರ್ಮಿನ ಬಣ್ಣ ಆರಿಸಿದ. 'ಹೊರಗೆ', 'ಒಳಗೆ', 'ಜಾಗ ತಿದ್ದು' ಎಂಬ ಮೂರು ಬಟನ್ನುಗಳು ದೊಡ್ಡದಾಗಿರಬೇಕು, ತನ್ನ ಕನ್ನಡಕಕ್ಕೆ ಕಾಣಬೇಕು ಎಂದು ಹಟ ಹಿಡಿದ. ಉಗ್ರಾಣದಲ್ಲೇ ಒಂದು ಕಂಪ್ಯೂಟರ್ ಇಟ್ಟ ಮೇಲೆ ಎರಡು ಬೆರಳಲ್ಲಿ ಟೈಪು ಮಾಡುವುದನ್ನೂ ಕಲಿತ.

"ನಮ್ಮ ತಿಮ್ಮವ್ವಗೆ ತೋರಿಸ್ಬೇಕು ಇದನ್ನ. ನಂಬಲ್ಲ ಅಕಿ," ಎನ್ನುತ್ತಿದ್ದ. ತಿಮ್ಮವ್ವ ಅವನ ಹೆಂಡತಿ.

ಒಂದೂವರೆ ವರ್ಷ ಎಲ್ಲ ಸರಿಯಾಗಿ ನಡೆದಿತ್ತು. ಈಗ ಈ ಸುಳ್ಳು ಶುರುವಾಗಿತ್ತು.

ಯಾಸ್ಮೀನ್ ಮೊದಲು ಅನುಮಾನಪಟ್ಟದ್ದು ತನ್ನನ್ನೇ. ಫಾರ್ಮನ್ನು ಬಿಚ್ಚಿ ನೋಡಿದಳು. ನೋಡಿದರೆ ತಪ್ಪೂ ಒಂದು ಇತ್ತು. ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದ ಕ್ಷಣದಲ್ಲೇ 'ಜಾಗ ತಿದ್ದು' ಒತ್ತಿದರೆ, ತಿದ್ದುಪಡಿ ಕೆಲವೊಮ್ಮೆ ಪಕ್ಕದ ಅಚ್ಚಿಗೆ ಹೋಗಿ ಕೂರುತ್ತಿತ್ತು. ಸಿಕ್ಕಿತಲ್ಲ ಎಂದು ಅವಳಿಗೆ ಹಬ್ಬವಾಯಿತು. ಒಂದು ಭಾನುವಾರ ಪೂರ್ತಿ ಕೂತು ಅದನ್ನು ಸರಿಮಾಡಿ, ತಪ್ಪಾಗಿದ್ದ ಜಾಗಗಳನ್ನೆಲ್ಲ ಮೊದಲಿನಂತೆ ತುಂಬಿದಳು. ಸೋಮವಾರ ಎಲ್ಲ ಸರಿಯಿತ್ತು. ಬುಧವಾರ ಕಂಪ್ಯೂಟರಿನಲ್ಲಿ ಪಂಪಿನ ಮುಚ್ಚಳ ಮತ್ತೆ ಸಿ ಸಾಲಿಗೆ ಹೋಗಿತ್ತು.

ಲ್ಯಾಪ್‌ಟಾಪ್ ಎತ್ತಿಕೊಂಡು ಮಂಡಿಪೇಟೆಗೆ ಹೋದಳು. ಬಿಲಾಲ್ ಅರ್ಧ ಗಂಟೆ ನೋಡಿದ.

"ಎಲ್ಲಾ ಸರಿ ಐತೆ ಆಪಾ."

"ಸರಿ ಇದ್ರೆ ತಪ್ಪು ಎಲ್ಲಿಂದ ಬರ್ತೈತೆ?"

"ಅದೇ ತಿಳೀವಲ್ದು. ವೈರಸ್ ಅಂತೂ ಅಲ್ಲ. ಆ ಟೂಲ್‌ಕಿಟ್‌ದೇ ಏನೋ ಇರಬೌದು. ಇಲ್ಲಾಂದ್ರೆ ಉಗ್ರಾಣದ ಕಂಪ್ಯೂಟರಿಗೆ ಕರೆಂಟ್ ಹೋಗಿ ಬಂದಾಗ..." ಎಂದು ನಿಲ್ಲಿಸಿ ತಲೆ ಕೆರೆದುಕೊಂಡ. ಟೂಲ್‌ಕಿಟ್ಟಿನ ಹೊಸ ಆವೃತ್ತಿ ಹಾಕಿಕೊಟ್ಟ. ಅದರಲ್ಲಿ ಬಟನ್ನುಗಳೆಲ್ಲ ಚಿಕ್ಕದಾಗಿ, ಗಿಡ್ಡಪ್ಪ ಬೈದ. ತಪ್ಪು ಮಾತ್ರ ಹಾಗೇ ಉಳಿಯಿತು.

ಯಾಸ್ಮೀನಳಿಗೆ ಊಟ ಸೇರದಾಯಿತು. ತಾನು ಕಟ್ಟಿದ್ದು, ತನಗೇ ಗೊತ್ತಿಲ್ಲದ ಬುದ್ಧಿ ಕಲಿತಂತೆ ಇತ್ತು. ಅವಳ ತಾಯಿ ಬೀಬಿಜಾನ್, ಯಾರದೋ ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟೂ ಬರಲಿಲ್ಲ, ಪರಿಹಾರವೂ ಸಿಗಲಿಲ್ಲ.

ಗಿಡ್ಡಪ್ಪನನ್ನು ಕೇಳಿದರೆ ಅವನು ಎಲ್ಲರೆದುರೇ ಉರಿದು ಬಿದ್ದ. "ನಾನೇನ್ ಮಾಡ್ಲವ್ವ? ನಿನ್ ಡಬ್ಬಿ ದಿನಾ ತಪ್ಪು ತೋರಿಸ್ತೈತೆ. ನಾ ದಿನಾ ಸರಿ ಮಾಡಿ ಸಾಯ್ತಿದೀನಿ."

ಆ ಮಾತು ಅವಳ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ಗಿಡ್ಡಪ್ಪ ತಪ್ಪು ಮಾಡುತ್ತಾನೆ ಎಂಬ ಯೋಚನೆಯೇ ಆ ಫೌಂಡ್ರಿಯಲ್ಲಿ ಯಾರಿಗೂ ಇರಲಿಲ್ಲ. ಕರೆಂಟಿನ ಮೇಲೆ, ಟೂಲ್‌ಕಿಟ್ಟಿನ ಮೇಲೆ, ತನ್ನ ಮೇಲೆ ಅವಳಿಗೆ ಅನುಮಾನ ಬಂದಿತ್ತೇ ಹೊರತು ಅವನ ಮೇಲಲ್ಲ. ಶಿವಮೂರ್ತಿಯವರೂ ಒಂದು ಮಧ್ಯಾಹ್ನ ಎಲ್ಲರೆದುರು ಹೇಳಿಬಿಟ್ಟರು:

"ಬಂದ್ ಮಾಡ್ರಿ ಅದನ್ನ ಯಾಸ್ಮೀನ್. ಗಿಡ್ಡಪ್ಪ ಇರೋವರೆಗೂ ಗಿಡ್ಡಪ್ಪನೇ ಸಾಕು."

ಅವಳು ಹದಿನೈದು ದಿನದ ಗಡುವು ಕೇಳಿಕೊಂಡಳು.

ಆ ಹದಿನೈದು ದಿನದಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಡೇಟಾಬೇಸಿನಲ್ಲಿ ಇನ್ನೊಂದು ಟೇಬಲ್ ಸೇರಿಸಿದಳು. ಯಾವ ಅಚ್ಚಿನ ಜಾಗ ಬದಲಾದರೂ ಹಳೆಯ ಜಾಗ, ಹೊಸ ಜಾಗ, ಯಾರು ಬದಲಿಸಿದ್ದು, ಎಷ್ಟು ಹೊತ್ತಿಗೆ ಎಂಬುದೆಲ್ಲ ತಾನಾಗಿ ಅಲ್ಲಿ ಒಂದು ಸಾಲಾಗಿ ಬೀಳಬೇಕು. ಯಂತ್ರದ ತಪ್ಪಾದರೆ ಯಾರ ಹೆಸರೂ ಇರುವುದಿಲ್ಲ, ಆಗ ಟೂಲ್‌ಕಿಟ್ ಮಾಡಿದವರಿಗೆ ಬರೆಯಬಹುದು ಎಂದುಕೊಂಡಿದ್ದಳು.

ಹತ್ತನೇ ದಿನ ತೆರೆದು ನೋಡಿದಳು. ತಾನು ಮೊದಲಿನ ಜಾಗಕ್ಕೆ ತಿರುಗಿ ತುಂಬಿದ್ದನ್ನು ಬಿಟ್ಟರೆ ನಲವತ್ಮೂರು ಸಾಲುಗಳಿದ್ದವು. ನಲವತ್ಮೂರರಲ್ಲೂ ಹೆಸರು ಗಿಡ್ಡಪ್ಪ. ಎಲ್ಲವೂ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರ ಒಳಗೆ, ಯಾವ ಅಚ್ಚೂ ಹೊರಗೆ ಹೋಗುವ ಮುಂಚೆ, ಒಳಗೆ ಬರುವ ಮುಂಚೆ. ದಿನಾ ಬಂದು, ಕನ್ನಡಕ ಒರೆಸಿಕೊಂಡು, ಎರಡು ಬೆರಳಲ್ಲಿ ಅವನು ನಾಲ್ಕೈದು ಜಾಗಗಳನ್ನು 'ಸರಿ' ಮಾಡುತ್ತಿದ್ದ.

ಅವಳು ಪಟ್ಟಿ ಹಿಡಿದು, ಗಿಡ್ಡಪ್ಪ ಊಟಕ್ಕೆ ಕೂತಿದ್ದಾಗ ಉಗ್ರಾಣಕ್ಕೆ ಹೋಗಿ ಆ ಅಚ್ಚುಗಳನ್ನೆಲ್ಲ ನೋಡಿದಳು. ಎಲ್ಲವೂ ಹಳೆಯ ಜಾಗದಲ್ಲೇ ಇದ್ದವು. ಅವನು ಬರೆದ ಜಾಗದಲ್ಲಿ ಒಂದೂ ಇರಲಿಲ್ಲ.

ಇಷ್ಟಾದ ಮೇಲೆ ಗೊಂದಲ ತೀರಬೇಕಿತ್ತು. ಆದರೆ ಹೆಚ್ಚಾಯಿತು. ಬೇಕೆಂದೇ ಮಾಡುತ್ತಿದ್ದಾನೆಯೇ? ಹಾಗಾದರೆ ಒಂದೂವರೆ ವರ್ಷ ಯಾಕೆ ಸುಮ್ಮನಿದ್ದ? ಮರೆವೇ? ಮರೆತವನು ಇವತ್ತೊಂದು ತಪ್ಪು, ನಾಳೆ ಇನ್ನೊಂದು ತಪ್ಪು ಬರೆಯಬೇಕಲ್ಲ. ಇವನು ಪಂಪಿನ ಮುಚ್ಚಳವನ್ನು ಮೂರು ಸಲ ತಿದ್ದಿದ್ದ, ಮೂರು ಸಲವೂ ಸಿ ನಾಲ್ಕು. ಫ್ಲೈವೀಲ್ ಎಂಬ ದೊಡ್ಡ ಭಾರದ ಚಕ್ರ ಎರಡು ಸಲ, ಎರಡೂ ಸಲ ಬಿ ಒಂದು. ಇಷ್ಟು ಖಚಿತವಾಗಿ ಯಾರಾದರೂ ತಪ್ಪು ಮಾಡುತ್ತಾರೆಯೇ?

ಮನೆಗೆ ಹೋಗಿ ಒಂದು ದೊಡ್ಡ ಕಾಗದದಲ್ಲಿ ಸಾಲುಗಳನ್ನು ಗೆರೆ ಹಾಕಿ, ಗಿಡ್ಡಪ್ಪ ಬರೆದ ಜಾಗಗಳಲ್ಲಿ ಅಚ್ಚುಗಳ ಹೆಸರು ತುಂಬಿದಳು. ತುಂಬುತ್ತ ಹೋದಂತೆ ಅವಳ ಕೈ ನಿಧಾನವಾಯಿತು. ಭಾರದವೆಲ್ಲ ಕೆಳಗಿನ ಹಲಗೆಯಲ್ಲಿ, ಹಗುರದವು ಮೇಲೆ. ಪಂಪಿನ ಭಾಗಗಳೆಲ್ಲ ಒಂದೇ ಸಾಲಿನಲ್ಲಿ. ಗಿರಣಿಯವು ಇನ್ನೊಂದರಲ್ಲಿ. ಅದೊಂದು ಅಚ್ಚುಕಟ್ಟಾದ ಉಗ್ರಾಣವಾಗಿತ್ತು. ಕರೂರಿನದಕ್ಕಿಂತ ಚೆನ್ನಾಗಿತ್ತು. ಆದರೆ ಅಂಥ ಉಗ್ರಾಣವನ್ನು ಅವಳು ಎಲ್ಲೂ ನೋಡಿರಲಿಲ್ಲ.

ಮರುದಿನ ಮಕ್ತುಮ್ ಸಾಬ್‌ಗೆ ಆ ಕಾಗದ ತೋರಿಸಿದಳು. ಮರಳಿನಲ್ಲಿ ಅಚ್ಚು ಒತ್ತುವ ಕೆಲಸದಲ್ಲಿ ಅವನೂ ಗಿಡ್ಡಪ್ಪನಷ್ಟೇ ಹಳಬ. ಕೈಯ ಮಸಿ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದ.

"ಇದನ್ಯಾಕ ಬರ್ದಿ? ಇದು ಹರಿಹರದ ಶೆಡ್ ಅಲ್ಲೇನು?"

"ಯಾವ ಹರಿಹರದ ಶೆಡ್ಡು?"

"ನೀ ಬರೋ ಮುಂಚೆ ಫೌಂಡ್ರಿ ಹರಿಹರದಾಗೆ ಇತ್ತಲ್ಲ, ಹಳೇ ಪಿ.ಬಿ. ರೋಡಿನ ಹಿಂದೆ. ಇಲ್ಲಿಗೆ ಬಂದು ಹನ್ನೆರಡು ವರ್ಷ ಆತು. ಇದು ಆಗಿನ್ ಉಗ್ರಾಣ. ಬಿ ಒಂದ್ರಾಗೆ ಫ್ಲೈವೀಲು, ಹೂಂ. ಬಾಗ್ಲ ಪಕ್ಕನೇ ಇಡ್ತಿದ್ದ, ಎತ್ತಾಕೆ ಸಲೀಸು ಅಂತ." ಅವನು ನಗುತ್ತ ಹೇಳುತ್ತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದ. "ಯಾಕವ್ವ? ಏನಾತು?"

ಅವಳು ಕಾಗದವನ್ನು ವಾಪಸು ತೆಗೆದುಕೊಂಡಳು. ಹರಿಹರದಲ್ಲೂ ಎ, ಬಿ, ಸಿ. ಇಲ್ಲೂ ಎ, ಬಿ, ಸಿ. ಅವಳ ಫಾರ್ಮು ಅವನು ಬರೆದ ಯಾವ ಜಾಗವನ್ನೂ ಬೇಡ ಎನ್ನದೆ ಒಪ್ಪಿಕೊಂಡಿತ್ತು. ಅಂಥ ಜಾಗ ಇಲ್ಲೂ ಇತ್ತಲ್ಲ.

ಇದನ್ನು ಯಾರಿಗೆ, ಹೇಗೆ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ. ಶಿವಮೂರ್ತಿಯವರಿಗೆ ಹೇಳಿದರೆ ನಾಳೆಯೇ ಗಿಡ್ಡಪ್ಪನನ್ನು ಮನೆಗೆ ಕಳಿಸಬಹುದು. ಹೇಳದಿದ್ದರೆ ಡೇಟಾಬೇಸ್ ಬಂದ್. ಗಿಡ್ಡಪ್ಪನಿಗೇ ಹೇಳಲು ಎರಡು ಸಲ ಉಗ್ರಾಣದ ಬಾಗಿಲವರೆಗೆ ಹೋದಳು. ಅವನು ಕಂಪ್ಯೂಟರಿನ ಮುಂದೆ ಕೂತು, "ಬಾರವ್ವ, ಇವತ್ತು ಆರು ತಪ್ಪು ತೆಗ್ದೆ" ಎಂದಾಗ, "ಹೌದಾ ಗಿಡ್ಡಪ್ಪಣ್ಣ" ಎಂದಷ್ಟೇ ಹೇಳಿ ಹಿಂದಿರುಗಿದಳು.

ಮೂರನೇ ದಿನ ಗಿಡ್ಡಪ್ಪ ಕೆಲಸಕ್ಕೆ ಬರಲಿಲ್ಲ. ಹನ್ನೊಂದು ಗಂಟೆಗೆ ತಿಮ್ಮವ್ವನ ಫೋನು ಬಂತು.

"ಯಾಸ್ಮೀನವ್ವ, ಅವ್ರು ಬುತ್ತಿ ಬಿಟ್ಟು ಹೋಗ್ಯಾರೆ. ಬಂದಾರಾ ಅಲ್ಲಿಗೆ?"

"ಇಲ್ಲವ್ವ. ಎಷ್ಟೊತ್ತಿಗೆ ಹೊಂಟ್ರು?"

"ಎಂಟಕ್ಕೇ. ಹಂಗಾರೆ ಮತ್ತೆ ಅಲ್ಲಿಗೇ ಹೋಗ್ಯಾರೆ."

ಎಲ್ಲಿಗೆ ಎಂದು ಯಾಸ್ಮೀನ್ ಕೇಳಲಿಲ್ಲ. ಮಕ್ತುಮ್ ಸಾಬ್‌ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೊರಟಳು. ದಾರಿಯುದ್ದಕ್ಕೂ ಲಾರಿಗಳು.

ಹಳೆಯ ಶೆಡ್ಡು ಈಗ ಶಾಮಿಯಾನದವರ ಗೋದಾಮು. ಮುಂದೆ ಅಡುಗೆಯ ಹಂಡೆಗಳನ್ನು ಬೋರಲು ಹಾಕಿದ್ದರು. ಬಾಗಿಲಲ್ಲಿ ಕೂತಿದ್ದ ಕಾವಲುಗಾರ ಇವರನ್ನು ನೋಡಿ ಎದ್ದ.

"ನಿಮ್ಮೋರಾ? ಒಳಗದಾರ್ರಿ. ಪಾಪ, ಏನ್ ತ್ರಾಸ್ ಕೊಡಲ್ಲ. ತಿಂಗ್ಳಿಗೆ ಎರಡ್ಮೂರು ಸಲ ಬರ್ತಾರೆ. ಒಂದೀಟು ಹುಡುಕ್ತಾರೆ, ಹೋಗ್ತಾರೆ. ಇವತ್ತು ಯಾಕೋ ಹೋಗವಲ್ರು."

ಒಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ತಗಡಿನ ಮಾಡಿನವರೆಗೆ ಪೇರಿಸಿದ್ದರು. ಅವುಗಳ ನಡುವಿನ ಸಂದಿಯಲ್ಲಿ ಗಿಡ್ಡಪ್ಪ ನಿಂತಿದ್ದ. ಬಾಗಿಲಿನಿಂದ ಹೆಜ್ಜೆ ಎಣಿಸಿ ಬಂದವನಂತೆ ಸರಿಯಾಗಿ ಒಂದು ಕಡೆ ನಿಂತು, ಬಲಗೈಯನ್ನು ಎದೆಯ ಎತ್ತರಕ್ಕೆ ಚಾಚಿದ್ದ. ಕೈ ಕುರ್ಚಿಯೊಂದರ ಕಾಲಿಗೆ ತಾಗಿತ್ತು. ಅದನ್ನು ಸವರಿ ನೋಡುತ್ತಿದ್ದ.

"ಸಿ ನಾಲ್ಕು," ಎಂದ ಮಕ್ತುಮ್ ಸಾಬ್ ತನ್ನಷ್ಟಕ್ಕೆ.

ಗಿಡ್ಡಪ್ಪ ತಿರುಗಿದ. ಯಾಸ್ಮೀನಳನ್ನು ನೋಡಿ ಅವನಿಗೆ ಜೀವ ಬಂದಂತಾಯಿತು. "ಬಂದ್ಯಾ? ನೋಡು, ಯಾರೋ ಎಲ್ಲಾ ತೆಗ್ದಾರೆ. ಕಂಪ್ಯೂಟರ್ರೂ ಕಾಣ್ತಿಲ್ಲ. ಯಜಮಾನ್ರಿಗೆ ಏನ್ ಹೇಳ್ಲಿ ನಾನು?"

ಅವಳು ಹತ್ತಿರ ಹೋದಳು. "ಅಚ್ಚೆಲ್ಲಾ ಅದಾವೆ ಗಿಡ್ಡಪ್ಪಣ್ಣ. ಕರೂರಿನಾಗೆ ಅದಾವೆ. ನೀವೇ ಲಾರಿಗೆ ಹಾಕ್ಸಿ, ನೀವೇ ಇಳಿಸ್ಕಂಡು ಜೋಡಿಸಿದ್ದು. ಹನ್ನೆರಡು ವರ್ಷ ಆಯ್ತಂತೆ."

ಅವನು ಮಕ್ತುಮ್ ಸಾಬ್‌ನ ಮುಖ ನೋಡಿದ. ಮಕ್ತುಮ್ ಸಾಬ್ ತಲೆಯಾಡಿಸಿದ. ಗಿಡ್ಡಪ್ಪ ನಿಧಾನವಾಗಿ ಮೇಲೆ ನೋಡಿದ, ಕುರ್ಚಿಗಳನ್ನು ನೋಡಿದ, ತನ್ನ ಕೈಯನ್ನು ಕೆಳಗಿಳಿಸಿದ. ತುಸು ಹೊತ್ತಿಗೆ ಅವನ ಮುಖದಲ್ಲಿ ಏನೋ ತಿಳಿಯಾಯಿತು. ತಿಳಿಯಾದದ್ದೇ ಅವಳಿಗೆ ನೋಡಲು ಕಷ್ಟವಾಯಿತು.

"ಹೌದು. ಕರೂರು," ಎಂದ. "ಹಂಗಾರೆ ಇಷ್ಟು ದಿನ ನಾನು ತಿದ್ದಿದ್ದು?"

ಅವನು ಯಾಸ್ಮೀನಳ ಕಡೆ ತಿರುಗಿದ.

"ಎಲ್ಲಾ ತಪ್ಪೇನು?"

"ತಪ್ಪಲ್ಲ. ಇಲ್ಲಿಗೆ ಸರಿ ಇತ್ತು."

ಅವನು ಹೊರಗೆ ಬಂದು ಬೋರಲು ಹಾಕಿದ್ದ ಹಂಡೆಯೊಂದರ ಮೇಲೆ ಕೂತುಬಿಟ್ಟ. "ನಿಂಗೆ ಬೈದೆ ನಾನು, ಎಲ್ಲರ ಮುಂದೆ," ಎಂದ.

ಅವನ ಮನೆ ಅಲ್ಲಿಂದ ಎರಡು ಓಣಿ ದಾಟಿದರೆ ಸಿಗುತ್ತಿತ್ತು. ತಿಮ್ಮವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅವನನ್ನು ಒಳಗೆ ಕೂರಿಸಿ ನೀರು ಕೊಟ್ಟು, ಅಡುಗೆಮನೆಗೆ ಬಂದು ಯಾಸ್ಮೀನಳ ಕೈ ಹಿಡಿದುಕೊಂಡಳು. ಗಂಡನ ಮರೆವು ಅವಳಿಗೆ ಆರು ತಿಂಗಳಿಂದ ಗೊತ್ತಿತ್ತಂತೆ. ಒಲೆ ಮೇಲೆ ಹಾಲಿಟ್ಟು ಮರೆಯುವುದು, ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುವುದು. "ಕೆಲಸದಾಗೆ ಮಾತ್ರ ಚೆಂದ ಇದಾರೆ ಅಂದ್ಕಂಡಿದ್ದೆ ಕಣವ್ವ. ಕೆಲಸ ಬಿಡ್ಸಿದ್ರೆ ಪೂರ್ತಿ ಹೋಗ್ತಾರೆ ಅಂತ ಬಾಯಿ ಮುಚ್ಕಂಡಿದ್ದೆ."

ಮರುದಿನ ಯಾಸ್ಮೀನ್ ಶಿವಮೂರ್ತಿಯವರಿಗೆ ಎಲ್ಲ ಹೇಳಿದಳು. ಆ ಕಾಗದವನ್ನೂ ಮೇಜಿನ ಮೇಲೆ ಬಿಡಿಸಿಟ್ಟಳು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಹರಿಹರದ ಶೆಡ್ಡನ್ನು ಕಟ್ಟಿಸಿದ್ದು ಅವರ ತಂದೆ. ಚಿಕ್ಕಂದಿನಲ್ಲಿ ಅಲ್ಲಿ ಮರಳಿನ ಗುಡ್ಡೆಯ ಮೇಲೆ ಆಡಿದ್ದರು.

"ನನಗೆ ಇಷ್ಟು ನೆನಪಿಲ್ಲ," ಎಂದರು. ಆಮೇಲೆ, "ದಾವಣಗೆರೆಯಲ್ಲೇ ಒಳ್ಳೆ ನರದ ಡಾಕ್ಟರಿದಾರೆ. ನಾನೇ ಕರ್ಕೊಂಡು ಹೋಗ್ತೀನಿ. ಕಂಪ್ಯೂಟರಿನ ವಿಷಯ ನಾನು ಹೇಳಿದ್ದನ್ನ ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಡಾಕ್ಟರು ಪರೀಕ್ಷೆ ಮಾಡಿಸಿ, ಮರೆವಿನ ಕಾಯಿಲೆ ಶುರುವಾಗಿದೆ, ಗುಳಿಗೆಯಿಂದ ತುಸು ನಿಧಾನವಾಗಬಹುದು, ನಿಲ್ಲುವುದಿಲ್ಲ ಎಂದರು. ಇತ್ತೀಚಿನದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಹೋಗುತ್ತದೆ ಎಂದೂ ಹೇಳಿದರು. ಆ ಮಾತು ಕೇಳಿದ ಮೇಲೆ ಯಾಸ್ಮೀನಳಿಗೆ ಒಂದು ಯೋಚನೆ ಬಂತು. ಜಾಗವನ್ನು ಯಾರಾದರೂ ಹುಡುಕಿ ಬರೆಯಬಹುದು. ಆದರೆ ಈ ಅಚ್ಚು ಯಾರಿಗಾಗಿ ಕೆತ್ತಿದ್ದು, ಎರಕ ತಣಿದಾಗ ಕುಗ್ಗುತ್ತದೆಂದು ಎಷ್ಟು ದಪ್ಪ ಹೆಚ್ಚಿಗೆ ಬಿಟ್ಟಿದ್ದಾರೆ, ಯಾವ ಮೂಲೆಯಲ್ಲಿ ಮರಳು ಒಡೆಯುತ್ತದೆ, ಇವು ಯಾವ ಕಾಲಂನಲ್ಲೂ ಇರಲಿಲ್ಲ. ಅವಳು ಕೇಳಿಯೇ ಇರಲಿಲ್ಲ.

ಟೂಲ್‌ಕಿಟ್ ತೆರೆದು ಹೊಸ ಫಾರ್ಮು ಎಳೆದಳು. ಮೇಲೆ ಅಚ್ಚಿನ ಫೋಟೋ, ಕೆಳಗೆ ಉದ್ದನೆಯ ಒಂದು ಖಾಲಿ ಪೆಟ್ಟಿಗೆ. ಸಾಲು, ಹಲಗೆ ಎಂಬುದು ಆ ಫಾರ್ಮಿನಲ್ಲಿ ಇರಲೇ ಇಲ್ಲ.

ವಾರಕ್ಕೆ ಮೂರು ದಿನ ತಿಮ್ಮವ್ವ ಅವನನ್ನು ಬಸ್ಸಿನಲ್ಲಿ ಕರೆತಂದಳು. ಮಕ್ತುಮ್ ಸಾಬ್ ಅಚ್ಚು ತಂದು ಅವನ ತೊಡೆಯ ಮೇಲೆ ಇಡುತ್ತಿದ್ದ. ಗಿಡ್ಡಪ್ಪ ಕಣ್ಣು ಮುಚ್ಚಿ ಅಂಚನ್ನು ಸವರಿ ಹೇಳುತ್ತಿದ್ದ, ಯಾಸ್ಮೀನ್ ಬರೆಯುತ್ತಿದ್ದಳು. ತಿಮ್ಮವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತು, ಗಂಡ ಮೂವತ್ತು ವರ್ಷ ಏನು ಕೆಲಸ ಮಾಡುತ್ತಿದ್ದ ಎಂಬುದನ್ನು ಮೊದಲ ಸಲ ಕೇಳುತ್ತಿದ್ದಳು. ಕೆಲವು ದಿನ ಹತ್ತು ಅಚ್ಚು ಆಗುತ್ತಿತ್ತು, ಕೆಲವು ದಿನ ಒಂದೂ ಇಲ್ಲ. ಕೆಲವು ದಿನ ಯಾಸ್ಮೀನಳನ್ನು "ನೀ ಯಾರ ಮಗಳವ್ವ?" ಎಂದು ಕೇಳುತ್ತಿದ್ದ. ಅವಳು ಬೀಬಿಜಾನ್ ಹೆಸರು ಹೇಳಿದರೆ, "ಒಳ್ಳೇದಾತು" ಎಂದು ಮುಂದಿನ ಅಚ್ಚಿಗೆ ಕೈ ಚಾಚುತ್ತಿದ್ದ.

ಒಂಬತ್ತು ತಿಂಗಳಲ್ಲಿ ಎಂಟುನೂರಕ್ಕೂ ಹೆಚ್ಚು ಆದವು.

ಆ ಒಂಬತ್ತು ತಿಂಗಳ ಕೊನೆಯ ವಾರ ಒಂದು ಸಣ್ಣ ತೇಗದ ಅಚ್ಚು ಸಿಕ್ಕಿತು, ಬಾಗಿದ ಬಾಲವಿದ್ದ ಸೌಟಿನಂಥದ್ದು. ಯಾವ ಹಳೆಯ ಪುಸ್ತಕದಲ್ಲೂ ಅದರ ಹೆಸರಿರಲಿಲ್ಲ. ಮಂಗಳವಾರ ಗಿಡ್ಡಪ್ಪ, ಇದು ಹರಿಹರದ ಗಿರಣಿಯೊಂದರ ನೀರೆತ್ತುವ ಪಂಪಿನದು ಎಂದ. ಯಾವ ಬಡಗಿ ಕೆತ್ತಿದ್ದು, ಆಗ ಹೇಗೆ ಮಳೆ ಹಿಡಿದಿತ್ತು ಎಂದೂ ಹೇಳಿದ. ಗುರುವಾರ ಅದನ್ನೇ ಮತ್ತೆ ಕೈಗಿಟ್ಟರೆ, ಮಂಡಕ್ಕಿ ಭಟ್ಟಿಯ ಬಾಗಿಲ ಚಿಲಕ ಎಂದ, ಅಷ್ಟೇ ಖಚಿತವಾಗಿ. ಮಕ್ತುಮ್ ಸಾಬ್ ತಿರುಗಿಸಿ ಮುರುಗಿಸಿ ನೋಡಿ, "ಎರಡೂ ಇರಬೌದು. ಎರಡೂ ಅಲ್ದೇನೂ ಇರಬೌದು" ಎಂದ.

ಯಾಸ್ಮೀನ್ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಸ್ವಲ್ಪ ಹೊತ್ತು ಕೂತಳು.

"ಯಾಕವ್ವ, ಬರ್ಕಳ್ಳಲ್ಲ?" ಎಂದ ಗಿಡ್ಡಪ್ಪ.

"ಬರ್ಕಳ್ತೀನಿ," ಎಂದು ಅವಳು ಎರಡನ್ನೂ ಬರೆದಳು, ಒಂದರ ಕೆಳಗೊಂದು, ದಿನದ ಸಮೇತ. ತಿಮ್ಮವ್ವ ಸುಲಿದ ಅವರೆಕಾಳನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ಹರಿಹರದ ಬಸ್ಸಿಗೆ ಹೊತ್ತಾಗಿತ್ತು.